ಜಾಗದ ಬಾಡಿಗೆ ಏರುತ್ತಿದೆ: ಮೊಬೈಲ್ ಹೋಮ್ ಪಾರ್ಕ್ ಬಿಡಬೇಕೇ, ಉಳಿಯಬೇಕೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಮೊಬೈಲ್ ಹೋಮ್ ಪಾರ್ಕಿನಲ್ಲಿ 8 ವರ್ಷದಿಂದ ಇದ್ದೇವೆ; ಮನೆ ನಮ್ಮದು, ಅದು ಕೂತ ಜಾಗ ಪಾರ್ಕಿನವರದು, ಅದಕ್ಕೆ ತಿಂಗಳ ಬಾಡಿಗೆ. 1989ರಲ್ಲಿ ಕಾರ್ಖಾನೆಯಲ್ಲಿ ಎರಡು ಅರೆಗಳಾಗಿ ತಯಾರಾದ ಡಬಲ್‌ವೈಡ್ ಮನೆ, 1,85,000 ಡಾಲರಿಗೆ ಕೊಂಡದ್ದು. ಅದರಲ್ಲಿ 1,30,000 ಸಾಲ, ಶೇ 8.5 ಬಡ್ಡಿ, 15 ವರ್ಷದ ಅವಧಿ, ಕಂತು 1,280. ಜಾಗದ ಬಾಡಿಗೆ ಆಗ 1,050 ಇತ್ತು, ಈಗ 1,590. ಮೂರು ವಾರದ ಹಿಂದೆ ಬಂದ ನೋಟಿಸಿನ ಪ್ರಕಾರ ಮುಂದಿನ ತಿಂಗಳಿಂದ 1,725. ನೀರು, ಒಳಚರಂಡಿ, ಕಸದ ಬಿಲ್ಲು ಬೇರೆ. ಮೈಸೂರಿನಿಂದ ಅತ್ತೆ-ಮಾವ ಆರು ತಿಂಗಳಿಗೆ ಬಂದರೆ 'ಹೆಚ್ಚುವರಿ ಜನ' ಎಂದು ತಿಂಗಳಿಗೆ 75 ಡಾಲರ್ ಕೇಳುತ್ತಾರೆ. ಹತ್ತಿರದ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ 3,300 ಇದೆ. ನಾವು ಬಂದಾಗ ಅದೇ 2,700 ಇತ್ತು. ನಮ್ಮಂಥದ್ದೇ ಪಕ್ಕದ ಮನೆ ಈಚೆಗೆ 2,00,000ಕ್ಕೆ ಮಾರಾಟವಾಯಿತು. ಪಾರ್ಕಿಗೆ ಎರಡು ವರ್ಷದ ಹಿಂದೆ ಹೊಸ ಮಾಲೀಕರು ಬಂದಿದ್ದಾರೆ. 'ಮನೆಯನ್ನೇ ಎತ್ತಿಸಿಕೊಂಡು ಟೆಕ್ಸಸ್‌ಗೆ ಹೋಗಿ' ಎನ್ನುವ ಸ್ನೇಹಿತರೂ ಇದ್ದಾರೆ. ನಮ್ಮ ಯಜಮಾನರು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾರೆ. ಏನು ಮಾಡುವುದು?

ಉತ್ತರ: ನಿಮ್ಮ ಪತ್ರದಲ್ಲೇ ಎರಡು ತಪ್ಪು ಕಾಣುತ್ತಿವೆ, ಎರಡೂ ಪಾರ್ಕ್ ಕಚೇರಿಯವು. ಇರುವುದೋ ಬಿಡುವುದೋ ಎಂಬ ಲೆಕ್ಕಕ್ಕೆ ಕೂರುವ ಮೊದಲು ಅವನ್ನು ಸರಿಪಡಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಪಾರ್ಕುಗಳಿಗೆ ಪ್ರತ್ಯೇಕ ಕಾನೂನಿದೆ: ಮೊಬೈಲ್‌ಹೋಮ್ ರೆಸಿಡೆನ್ಸಿ ಲಾ. ಸಿವಿಲ್ ಕೋಡಿನ 798ನೇ ಸೆಕ್ಷನ್ನಿನಿಂದ ಅದು ಶುರುವಾಗುತ್ತದೆ. ಬಾಡಿಗೆ ಏರಿಸಲು ಕನಿಷ್ಠ 90 ದಿನ ಮುಂಚೆ ಬರಹದಲ್ಲಿ ನೋಟಿಸ್ ಕೊಡಬೇಕು ಎನ್ನುತ್ತದೆ ಸೆಕ್ಷನ್ 798.30. ಮೂರು ವಾರದ ಹಿಂದೆ ಕೊಟ್ಟ ನೋಟಿಸಿನ ಮೇಲೆ ಮುಂದಿನ ತಿಂಗಳು 1,725 ಕೇಳುವಂತಿಲ್ಲ. ಇನ್ನು ಅತ್ತೆ-ಮಾವನ 75 ಡಾಲರ್. ಹತ್ತಿರದ ಕುಟುಂಬದವರ ಸಂಖ್ಯೆ ನೋಡಿ ಶುಲ್ಕ ಹಾಕಬಾರದು ಎಂದು ಸೆಕ್ಷನ್ 798.35 ಹೇಳುತ್ತದೆ, ಆ ಸೆಕ್ಷನ್ನಿನಲ್ಲಿ ಗಂಡ-ಹೆಂಡತಿ ಇಬ್ಬರ ತಂದೆತಾಯಿಯರೂ ಕುಟುಂಬವೇ. ಊರಿಂದ ಬರುವ ಅಣ್ಣ-ತಮ್ಮ, ಅತ್ತಿಗೆ, ಸ್ನೇಹಿತರ ಲೆಕ್ಕ ಬೇರೆ. ಅವರು ಸತತವಾಗಿ 20 ದಿನ ಅಥವಾ ವರ್ಷಕ್ಕೆ ಒಟ್ಟು 30 ದಿನ ಮೀರದಿದ್ದರೆ ಮಾತ್ರ ಶುಲ್ಕವಿಲ್ಲ.

ಆದರೆ ಕಾನೂನು ನಿಮ್ಮ ಕಡೆ ಇದೆ ಎಂದು ಬಾಡಿಗೆ ತಡೆಹಿಡಿಯಬೇಡಿ. ಗಡುವಿನಿಂದ 5 ದಿನ ದಾಟಿದರೆ '3 ದಿನದೊಳಗೆ ಕಟ್ಟಿ ಇಲ್ಲವೇ ಬಿಡಿ' ಎಂಬ ನೋಟಿಸ್ ಬರಬಹುದು. 12 ತಿಂಗಳಲ್ಲಿ ಅಂಥ ಮೂರು ನೋಟಿಸ್ ಬಿದ್ದರೆ ಆಮೇಲೆ ಹಣ ಕಟ್ಟಿಯೂ ಉಳಿಸಿಕೊಳ್ಳುವ ಹಕ್ಕು ಹೋಗುತ್ತದೆ. ಸರಿಯಾದ ದಾರಿ: ಸೆಕ್ಷನ್ ಸಂಖ್ಯೆ ಬರೆದು ಸರ್ಟಿಫೈಡ್ ಅಂಚೆಯಲ್ಲಿ ಆಕ್ಷೇಪಣೆ ಕಳಿಸಿ. ಕಚೇರಿ ಮಣಿಯದಿದ್ದರೆ 'ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ' ಎಂದು ಬರೆದು ಪೂರ್ತಿ ಕಟ್ಟಿ, ರಾಜ್ಯದ ವಸತಿ ಇಲಾಖೆಯಾದ ಎಚ್‌ಸಿಡಿಗೆ ದೂರು ಕೊಡಿ. ಈ ಕಾನೂನಿನ ಉಲ್ಲಂಘನೆಯ ದೂರುಗಳಿಗೆಂದೇ ಅಲ್ಲಿ 2020ರ ಜುಲೈನಿಂದ ಒಂದು ವಿಭಾಗವಿದೆ. ಅಲ್ಲಿ 'ಬಾಡಿಗೆ ಜಾಸ್ತಿಯಾಯಿತು' ಎಂದರೆ ಕೆಲಸವಾಗದು. '90 ದಿನದ ನೋಟಿಸ್ ಕೊಟ್ಟಿಲ್ಲ, ಕುಟುಂಬದ ಮೇಲೆ ಶುಲ್ಕ ಹಾಕಿದ್ದಾರೆ' ಎಂದರೆ ಆಗುತ್ತದೆ.

ಮುಂದಿನದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅದನ್ನೇ ನೀವು ಬರೆದಿಲ್ಲ: ಪಾರ್ಕ್ ಯಾವ ನಗರದ ಗಡಿಯೊಳಗಿದೆ? ಬಹುತೇಕ ಪಾರ್ಕುಗಳಿಗೆ ಜಾಗದ ಬಾಡಿಗೆಯ ಮೇಲೆ ರಾಜ್ಯದ ಮಿತಿ ಇಲ್ಲ. ಮಿತಿ ಇದ್ದರೆ ಅದು ನಗರದ್ದೋ, ನಮ್ಮ ಜಿಲ್ಲೆಯಂಥ ಕೌಂಟಿಯದ್ದೋ. ಸ್ಯಾನ್ ಹೋಸೆ ನಗರದಲ್ಲಿ ವರ್ಷದ ಏರಿಕೆ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯ ಶೇ 75ರಷ್ಟು, ಅದೂ ಶೇ 3ರಿಂದ 7ರ ನಡುವೆ. ನಿಮ್ಮದು ಅಲ್ಲಿಯ ಪಾರ್ಕಾಗಿದ್ದರೆ 1,590ರ ಮೇಲೆ ಎಷ್ಟೇ ಎಳೆದರೂ 1,701 ದಾಟುವಂತಿಲ್ಲ; 1,725 ಎಂದರೆ ಶೇ 8.5. ಸನಿವೇಲ್‌ನಲ್ಲಿ ನಗರಕ್ಕೂ ಪಾರ್ಕ್ ಮಾಲೀಕರಿಗೂ ನಡುವೆ ಬಾಡಿಗೆಯ ಬಗ್ಗೆ ಒಪ್ಪಂದವಿದೆ. ಪಕ್ಕದ ಇನ್ನೊಂದು ಊರಿನಲ್ಲಿ ಏನೂ ಇಲ್ಲದಿರಬಹುದು. ಅಂಚೆ ವಿಳಾಸದಲ್ಲಿರುವ ಊರಿನ ಹೆಸರನ್ನು ನಂಬಬೇಡಿ. ಆಸ್ತಿ ತೆರಿಗೆ ಬಿಲ್ಲಿನಲ್ಲಿ ಅಥವಾ ನಗರದ ವಸತಿ ವಿಭಾಗಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕೇಳಬೇಕಾದದ್ದು ಮೂರು: ವರ್ಷದ ಮಿತಿ ಎಷ್ಟು, ಮನೆ ಮಾರಿದಾಗ ಹೊಸಬರಿಗೆ ಬಾಡಿಗೆ ಏರಿಸಲು ಎಷ್ಟು ಅವಕಾಶವಿದೆ, ರಸ್ತೆ-ಪೈಪುಗಳ ದುರಸ್ತಿ ಖರ್ಚನ್ನು ಮಿತಿಯ ಹೊರಗೆ ಬೇರೆ ಸಾಲಾಗಿ ಹಾಕಬಹುದೇ.

'ದೀರ್ಘ ಕರಾರಿಗೆ ಸಹಿ ಹಾಕಿದ್ದೀರಿ, ನಗರದ ಮಿತಿ ನಿಮಗೆ ಅನ್ವಯಿಸದು' ಎಂದು ಕಚೇರಿ ಹೇಳಿದರೆ ಅದು ಹಳೆಯ ಮಾತು. ಆ ವಿನಾಯಿತಿ 2025ರ ಜನವರಿ 1ಕ್ಕೆ ಮುಗಿದಿದೆ.

ಇನ್ನು ಮನೆ ಎತ್ತಿಸುವ ಸಲಹೆ. ಇದನ್ನು ಕೈಬಿಡಿ. ಹೆಸರು ಮೊಬೈಲ್ ಹೋಮ್ ಆದರೂ ಒಮ್ಮೆ ಕೂರಿಸಿದ ಡಬಲ್‌ವೈಡ್ ಸುಲಭಕ್ಕೆ ಏಳುವುದಿಲ್ಲ. ಅದು ಕಾರ್ಖಾನೆಯಿಂದ ಎರಡು ಅರೆಗಳಾಗಿ ಬಂದು ಇಲ್ಲಿ ಕೂಡಿದ ಮನೆ. ತೆಗೆಯಬೇಕೆಂದರೆ ಮೆಟ್ಟಿಲು, ಜಗಲಿ, ಕಾರ್‌ಪೋರ್ಟ್, ಬುಡದ ಸುತ್ತಿನ ಹೊದಿಕೆ ಎಲ್ಲ ಬಿಚ್ಚಬೇಕು. ಮಧ್ಯದ ಕೂಡುಗೆರೆಯ ಉದ್ದಕ್ಕೂ ಚಾವಣಿ, ಗೋಡೆ, ನೆಲಹಾಸು ಕತ್ತರಿಸಬೇಕು. ಎರಡು ಅರೆಗಳ ನಡುವಿನ ವಿದ್ಯುತ್ ತಂತಿ, ನೀರಿನ ಪೈಪು, ಬಿಸಿಗಾಳಿಯ ಕೊಳವೆ ಕಳಚಬೇಕು. ಅಡಿಯ ಉಕ್ಕಿನ ತೊಲೆಗಳಿಗೆ ಆ್ಯಕ್ಸಲ್, ಟೈರು, ಎಳೆಯುವ ಕೊಂಡಿ ಬೇಕು. ಹಳೆಯ ಮನೆಗಳಲ್ಲಿ ಅವನ್ನು ಕೂರಿಸಿದ ದಿನವೇ ಬಿಚ್ಚಿ ಒಯ್ದಿರುತ್ತಾರೆ. ಎರಡು ಲಾರಿ, ಅಗಲದ ಸರಕಿಗೆ ರಸ್ತೆ ಪರವಾನಗಿ, ಜೊತೆಗೆ ಓಡುವ ಬೆಂಗಾವಲು ವಾಹನ. ಹೋದಲ್ಲಿ ಹೊಸ ಕಂಬಗಳ ಮೇಲೆ ಮಟ್ಟ ಹಿಡಿದು ಕೂರಿಸಿ, ನೆಲಕ್ಕೆ ಬಿಗಿದು, ತಪಾಸಣೆ ಮಾಡಿಸಬೇಕು. ಒಂದೇ ಕೌಂಟಿಯೊಳಗೆ ಸರಿಸಿದರೂ ಖರ್ಚು ಹತ್ತು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. 1989ರ ಮನೆಯ ಒಳಗೋಡೆಗಳು ಆ ಪ್ರಯಾಣದಲ್ಲಿ ಬಿರುಕು ಬಿಡದೇ ಉಳಿಯುವುದು ಅಪರೂಪ.

ಇಷ್ಟಾದ ಮೇಲೂ ಸೇರಿಸಿಕೊಳ್ಳುವವರು ಬೇಕಲ್ಲ. ಬಹಳಷ್ಟು ಪಾರ್ಕುಗಳು ಹೊರಗಿನಿಂದ ಹಳೆಯ ಮನೆಯನ್ನು ಒಳಗೆ ಬಿಡುವುದೇ ಇಲ್ಲ. ನಿಮ್ಮದೇ ನಿವೇಶನ ಕೊಂಡು ಕೂರಿಸುತ್ತೇನೆ ಎಂದರೆ 10 ವರ್ಷ ಮೀರಿದ ಮನೆಯನ್ನು ತಡೆಯಲು ಕ್ಯಾಲಿಫೋರ್ನಿಯಾದ ನಗರಗಳಿಗೆ ಅಧಿಕಾರವಿದೆ. ಅಡುಗೆಮನೆಯ ಕಪಾಟಿನ ಒಳಬಾಗಿಲು, ಬಟ್ಟೆ ಬೀರು ಅಥವಾ ವಿದ್ಯುತ್ ಪೆಟ್ಟಿಗೆಯ ಹತ್ತಿರ ಒಂದು ಮಾಹಿತಿ ಹಾಳೆ ಅಂಟಿಸಿರುತ್ತಾರೆ. ಗಾಳಿ ಮತ್ತು ಹಿಮದ ಯಾವ ವಲಯಕ್ಕೆ ಮನೆ ತಯಾರಾಗಿದೆ ಎಂದು ಅದರಲ್ಲಿ ನಕ್ಷೆ ಸಮೇತ ಇರುತ್ತದೆ. ಗಾಳಿಯ ಒಂದನೇ ವಲಯದ ಮನೆ ಟೆಕ್ಸಸ್ ಕರಾವಳಿಯ ಎರಡನೇ ವಲಯದ ಬಿರುಗಾಳಿಗೆಂದು ತಯಾರಾದದ್ದಲ್ಲ. ಚದರ ಅಡಿಗೆ 20 ಪೌಂಡ್ ಹಿಮದ ಭಾರ ತಾಳುವ ಚಾವಣಿಯನ್ನು ಟ್ರಕೀಯಂಥ ಹಿಮದೂರಿಗೆ ಒಯ್ಯಲಾಗದು. ಅಂದಹಾಗೆ, ಜಾಗದ ಬಾಡಿಗೆಗೆ ಟೆಕ್ಸಸ್‌ನಲ್ಲಿ ಮಿತಿಯೇ ಇಲ್ಲ. ಮನೆ ಸಮೇತ ಹೋದರೆ ಇದೇ ಗೋಳು ಇನ್ನೂ ಬಿಗಿಯಾಗಿ ಕಾದಿರುತ್ತದೆ.

ಹೀಗಾಗಿ ನಿಮಗಿರುವುದು ಎರಡೇ ದಾರಿ: ಇರುವುದು, ಇಲ್ಲವೇ ಇದ್ದಲ್ಲೇ ಮನೆ ಮಾರಿ ಹೋಗುವುದು. ದಕ್ಷಿಣ ಕನ್ನಡ, ಉಡುಪಿಯವರಿಗೆ ಮೂಲಗೇಣಿ ಗೊತ್ತಿರುತ್ತದೆ. ನೆಲ ಒಬ್ಬರದು, ಮನೆ ಇನ್ನೊಬ್ಬರದು. ಆದರೆ ಅಲ್ಲಿ ಗೇಣಿ ಸ್ಥಿರ, ಹಕ್ಕು ಶಾಶ್ವತ. ಇಲ್ಲಿ ನೆಲದ ಬಾಡಿಗೆ ಏರುತ್ತಲೇ ಹೋಗುತ್ತದೆ, ಆ ಏರಿಕೆ ನಿಮ್ಮ ಮನೆಯ ಬೆಲೆಯನ್ನೂ ತಿನ್ನುತ್ತದೆ.

ಹೇಗೆಂದು ನೋಡಿ. ನಿಮ್ಮ ಮನೆ ಕೊಳ್ಳಲು ಬರುವವರು ತಿಂಗಳಿಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಜಾಗಕ್ಕೆ 100 ಡಾಲರ್ ಹೆಚ್ಚು ಹೋದರೆ ಸಾಲದ ಕಂತಿಗೆ 100 ಕಡಿಮೆ ಉಳಿಯುತ್ತದೆ. ಶೇ 8.5 ಬಡ್ಡಿಯಲ್ಲಿ, 20 ವರ್ಷದ ಅವಧಿಗೆ, ತಿಂಗಳ 100 ಡಾಲರ್ ಕಂತು ಸುಮಾರು 11,500 ಡಾಲರ್ ಸಾಲವನ್ನು ಹೊರುತ್ತದೆ. ಅಂದರೆ ಬಾಡಿಗೆಯ ಪ್ರತಿ 100 ಡಾಲರಿಗೆ ಮನೆಯ ಬೆಲೆಯಿಂದ 11,500 ಹೋಯಿತು. ಏರಿದ ಬಾಡಿಗೆಯನ್ನು ನೀವು ತಿಂಗಳು ತಿಂಗಳೂ ಕೊಡುತ್ತೀರಿ, ಮಾರುವ ದಿನ ಬೆಲೆಯಲ್ಲಿ ಮತ್ತೊಮ್ಮೆ ಕೊಡುತ್ತೀರಿ.

ಹಾಗಾದರೆ 1,050ರಿಂದ 1,725ಕ್ಕೆ ಏರಿದ 675 ಡಾಲರಿನ ಲೆಕ್ಕದಲ್ಲಿ ನಿಮ್ಮ ಮನೆ 77,000ಕ್ಕೂ ಹೆಚ್ಚು ಇಳಿದಿರಬೇಕಿತ್ತು. ಆದರೆ ಪಕ್ಕದ ಮನೆ 2,00,000ಕ್ಕೆ ಹೋಗಿದೆ. ಕಾರಣ, ಕೊಳ್ಳುವವರ ಎದುರಿನ ಇನ್ನೊಂದು ಆಯ್ಕೆಯಾದ ಅಪಾರ್ಟ್‌ಮೆಂಟ್ ಕೂಡ ಏರಿದೆ. ನೀವು ಬಂದಾಗ ಅಪಾರ್ಟ್‌ಮೆಂಟಿಗೂ ಜಾಗದ ಬಾಡಿಗೆಗೂ ಇದ್ದ ಅಂತರ 1,650. ಹೊಸ ಬಾಡಿಗೆ ಬಂದ ಮೇಲೆ 1,575. ಎಂಟು ವರ್ಷದಲ್ಲಿ 75 ಡಾಲರ್ ಮಾತ್ರ ಕರಗಿದೆ. ನಿಮ್ಮ ಮನೆಯ ಬೆಲೆ ನಿಂತಿರುವುದು ಈ ಅಂತರದ ಮೇಲೆ. ಶೇಕಡಾವಾರು ಏರಿಕೆ ನೋಡಿ ಗಾಬರಿಯಾಗುವುದಕ್ಕಿಂತ ಡಾಲರ್‌ಗಳಲ್ಲಿ ಈ ಅಂತರವನ್ನು ವರ್ಷ ವರ್ಷ ಬರೆದಿಡಿ. ಅದು ಹಿಗ್ಗುತ್ತಿದ್ದರೆ ಅಥವಾ ಹಾಗೇ ಇದ್ದರೆ ಬಾಡಿಗೆ ಏರಿದರೂ ನಿಮ್ಮ ಬಂಡವಾಳ ಉಳಿದಿರುತ್ತದೆ. ಕುಗ್ಗುತ್ತಿದ್ದರೆ ಕೂತಲ್ಲೇ ಕರಗುತ್ತಿದ್ದೀರಿ.

ಈಗ ನಿಮ್ಮ ಅಂಕಿಗಳನ್ನೇ ಇಟ್ಟು ಐದು ವರ್ಷದ ಲೆಕ್ಕ ಮಾಡೋಣ. ಜಾಗ 1,725, ಕಂತು 1,280, ಆಸ್ತಿ ತೆರಿಗೆ ಅಂದಾಜು 190, ವಿಮೆ 120, ರಿಪೇರಿಗೆ ಎತ್ತಿಡಬೇಕಾದ 200, ಒಟ್ಟು 3,515. ಅಪಾರ್ಟ್‌ಮೆಂಟ್ ಬಾಡಿಗೆದಾರರ ವಿಮೆ ಸೇರಿ 3,320. ನೀರು-ವಿದ್ಯುತ್ತನ್ನು ಎರಡೂ ಕಡೆ ಬಿಟ್ಟಿದ್ದೇನೆ. ಬರೀ ಇದನ್ನು ನೋಡಿದರೆ ಹೊರಡುವುದೇ ವಾಸಿ ಅನಿಸುತ್ತದೆ, ಬಹಳ ಜನ ಇಲ್ಲೇ ಎಡವುತ್ತಾರೆ. ನಿಮ್ಮ ಕಂತಿನಲ್ಲಿ ಸುಮಾರು 700 ಡಾಲರ್ ಅಸಲಿಗೆ ಹೋಗುತ್ತಿದೆ. ಅದು ಖರ್ಚಲ್ಲ, ಉಳಿತಾಯ. ಇನ್ನೊಂದು ಪಕ್ಕದಲ್ಲಿ, ಮನೆ ಮಾರಿದರೆ ಕೈಗೆ ಬರುವ ದುಡ್ಡಿಗೂ ಬಡ್ಡಿ ಇದೆ. 2,00,000ದಲ್ಲಿ ದಲ್ಲಾಳಿಗೆ ಶೇ 6ರಂತೆ 12,000, ಎಸ್ಕ್ರೋಗೆ (ಮಾರಾಟ ಮುಗಿಯುವವರೆಗೆ ಹಣ-ಕಾಗದ ಹಿಡಿದಿಡುವ ಮಧ್ಯಸ್ಥರಿಗೆ) ಮತ್ತು ಕಾಗದಪತ್ರಕ್ಕೆ 3,000, ರಿಪೇರಿಗೆ 8,000, ಬಾಕಿ ಸಾಲ ಸುಮಾರು 81,000 ಕಳೆದರೆ ಉಳಿಯುವುದು 96,000.

ಅಪಾರ್ಟ್‌ಮೆಂಟ್ ವರ್ಷಕ್ಕೆ ಶೇ 3 ಏರುತ್ತದೆ, ಆ 96,000 ಶೇ 4 ದುಡಿಯುತ್ತದೆ, ಮನೆಯ ಬೆಲೆ ಮೇಲೆ ಹೇಳಿದ ಅಂತರದ ಪ್ರಕಾರ ಆಡುತ್ತದೆ, ಮಾರಾಟದ ಖರ್ಚು ಆಗಲೂ ಈಗಿನ ದರದಲ್ಲೇ ಇರುತ್ತದೆ ಎಂದಿಟ್ಟುಕೊಳ್ಳಿ. ಜಾಗದ ಬಾಡಿಗೆ ವರ್ಷಕ್ಕೆ ಶೇ 3 ಏರಿದರೆ, ಐದು ವರ್ಷ ಇದ್ದು ಆಮೇಲೆ ಮಾರುವವರು ಈಗಲೇ ಮಾರಿ ಹೋದವರಿಗಿಂತ ಸುಮಾರು 53,000 ಡಾಲರ್ ಮುಂದಿರುತ್ತಾರೆ. ಶೇ 5 ಏರಿದರೆ ಸುಮಾರು 27,000 ಮುಂದೆ. ಶೇ 8 ಏರಿದರೆ ಸುಮಾರು 16,000 ಹಿಂದೆ. ಆ ಹೊತ್ತಿಗೆ ಜಾಗದ ಬಾಡಿಗೆ 2,535 ಆಗಿ, ಅಂತರ 1,290ಕ್ಕೆ ಇಳಿದು, ಮನೆಯ ಬೆಲೆ 33,000ದಷ್ಟು ಕುಸಿದಿರುತ್ತದೆ. ತಕ್ಕಡಿ ವಾಲುವುದು ಶೇ 7ರ ಆಸುಪಾಸಿನಲ್ಲಿ. ಈ ಅಂಕಿ ನಿಮ್ಮ ಸಾಲ, ನಿಮ್ಮೂರಿನ ಬಾಡಿಗೆಗೆ ಮಾತ್ರ ಹೊಂದುತ್ತದೆ. ಪಕ್ಕದ ಮನೆಯವರು ಸಾಲ ತೀರಿಸಿದ್ದರೆ ಅವರ ಗಡಿ ಬೇರೆ.

ನಿಮ್ಮ ಎಂಟು ವರ್ಷದ ಸರಾಸರಿ ಶೇ 5.3. ಈ ಸಲದ್ದು 8.5. ಹಾಗಾಗಿ ನಿರ್ಧಾರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: 8.5 ಎಂಬುದು ಹೊಸ ಮಾಲೀಕರ ಒಂದು ವರ್ಷದ ಹಾರಾಟವೋ, ಅವರ ರೂಢಿಯೋ?

ತಿಳಿಯಲು ದಾರಿಗಳಿವೆ. ಮಾಲೀಕರು ಷೇರುಪೇಟೆಯಲ್ಲಿರುವ ಕಂಪನಿಯಾದರೆ, ಮುಂದಿನ ವರ್ಷ ಜಾಗದ ಬಾಡಿಗೆ ಎಷ್ಟು ಏರಿಸುವ ನಿರೀಕ್ಷೆ ಇದೆ ಎಂದು ಹೂಡಿಕೆದಾರರಿಗೆ ಅವರೇ ಹೇಳುತ್ತಾರೆ. ವಾರ್ಷಿಕ ವರದಿ ಓದಿ. ಇಲ್ಲವಾದರೆ ಅದೇ ಮಾಲೀಕರ ಬೇರೆ ಪಾರ್ಕಿನ ನಿವಾಸಿಗಳನ್ನು ಕೇಳಿ. ಕೊಂಡ ಮೊದಲ ಮೂರು ವರ್ಷದ ನೋಟಿಸುಗಳು ಅವರ ಸ್ವಭಾವ ಹೇಳುತ್ತವೆ. ಪಾರ್ಕ್ ಕೊಳ್ಳಲು ಫ್ಯಾನಿ ಮೇ ಅಥವಾ ಫ್ರೆಡ್ಡಿ ಮ್ಯಾಕ್ (ವಸತಿ ಸಾಲಗಳಿಗೆ ಬೆಂಬಲ ಕೊಡುವ ಅಮೆರಿಕದ ಸಂಸ್ಥೆಗಳು) ಬೆಂಬಲದ ಸಾಲ ಬಳಸಿದ್ದರೆ ನಿವಾಸಿಗಳಿಗೆ ಕೆಲವು ರಕ್ಷಣೆಗಳನ್ನು ಕೊಡಬೇಕಾಗಬಹುದು: ಒಂದು ವರ್ಷದ ನವೀಕರಿಸಬಹುದಾದ ಕರಾರು, ಮನೆಯನ್ನು ಇದ್ದಲ್ಲೇ ಮಾರುವ ಹಕ್ಕು, ಪಾರ್ಕ್ ಮಾರುವ ಅಥವಾ ಮುಚ್ಚುವ 60 ದಿನ ಮುಂಚೆ ಸೂಚನೆ. ಆದರೆ ಅಲ್ಲೂ ಬಾಡಿಗೆಗೆ ಮಿತಿಯಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ: ನಗರದ ಮಿತಿ ಇದ್ದು ಏರಿಕೆ ಸಾಮಾನ್ಯವಾಗಿ ಶೇ 5ರೊಳಗೆ ನಿಲ್ಲುತ್ತಿದ್ದರೆ ಅಲುಗಾಡಬೇಡಿ. ಸಾಲಕ್ಕೆ ಇನ್ನು ಏಳೇ ವರ್ಷ ಉಳಿದಿದೆ. ಅದು ತೀರಿದ ದಿನ, ಜಾಗದ ಬಾಡಿಗೆ ಶೇ 5ರಂತೆ ಏರಿ 2,430ರ ಹತ್ತಿರ ಬಂದಿದ್ದರೂ, ತೆರಿಗೆ-ವಿಮೆ-ರಿಪೇರಿ ಸೇರಿ ತಿಂಗಳಿಗೆ ಸುಮಾರು 2,950 ಬೀಳುತ್ತದೆ. ಆ ಅಪಾರ್ಟ್‌ಮೆಂಟ್ ಆಗ 4,000 ದಾಟಿರುತ್ತದೆ. ಮಿತಿ ಇಲ್ಲದ ಊರಾಗಿದ್ದು, ಮಾಲೀಕರ ಬೇರೆ ಪಾರ್ಕುಗಳಲ್ಲೂ ಶೇ 8-9 ನಡೆಯುತ್ತಿದ್ದರೆ ಈ ವರ್ಷವೇ ಮಾರಿ. 'ಇನ್ನೆರಡು ವರ್ಷ ನೋಡೋಣ' ಎನ್ನುವುದು ಅಲ್ಲಿ ದುಬಾರಿ ಮಾತು, ಏಕೆಂದರೆ ನಿಮ್ಮಂತೆ ಎಣಿಸುವ ಹತ್ತು ಮನೆಯವರು ಒಟ್ಟಿಗೆ ಬೋರ್ಡು ಹಾಕಿದಾಗ ಬೆಲೆ ಸೂತ್ರದ ಲೆಕ್ಕಕ್ಕಿಂತ ಬೇಗ ಬೀಳುತ್ತದೆ.

ಒಂದು ಅಪವಾದ. ಪಾರ್ಕನ್ನು ಮುಚ್ಚಿ ಕಟ್ಟಡ ಎಬ್ಬಿಸುತ್ತಾರೆ ಎಂಬ ಸುದ್ದಿ ಇದ್ದರೆ ಹೆದರಿ ಅಗ್ಗಕ್ಕೆ ಮಾರಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕ್ ಮುಚ್ಚಲು ನಿವಾಸಿಗಳ ಮೇಲಾಗುವ ಪರಿಣಾಮದ ವರದಿ, ನಗರದ ಮುಂದೆ ವಿಚಾರಣೆ, ತಿಂಗಳುಗಟ್ಟಲೆ ನೋಟಿಸ್ ಬೇಕು. ನಿವಾಸಿಗಳಿಗೆ ಬೇರೆ ಪಾರ್ಕಿನಲ್ಲಿ ಸರಿಯಾದ ವಸತಿ ಸಿಗದಿದ್ದರೆ ಮನೆ ಇದ್ದಲ್ಲಿಯ ಮಾರುಕಟ್ಟೆ ಬೆಲೆಯನ್ನು ಪಾರ್ಕಿನವರೇ ಕೊಡಬೇಕೆಂದು 2020ರಲ್ಲಿ ಕಾನೂನು ತಿದ್ದಿದರು. ಪಾಲೊ ಆಲ್ಟೊದ ಬ್ವೆನಾ ವಿಸ್ಟಾ ಪಾರ್ಕನ್ನು ಮುಚ್ಚುವ ಪ್ರಕ್ರಿಯೆ 2012ರಲ್ಲಿ ಶುರುವಾಗಿ ವರ್ಷಗಟ್ಟಲೆ ಎಳೆಯಿತು. ಕೊನೆಗೆ 2017ರಲ್ಲಿ ಕೌಂಟಿಯ ವಸತಿ ಪ್ರಾಧಿಕಾರವೇ ಸುಮಾರು 4 ಕೋಟಿ ಡಾಲರಿಗೆ ಕೊಂಡು ನಿವಾಸಿಗಳನ್ನು ಉಳಿಸಿತು. ಎಲ್ಲ ಕಡೆ ಹಾಗಾಗದು. ಆದರೆ ಮೊದಲೇ ಹೊರಟವರಿಗೆ ಇಂಥ ಯಾವ ಪರಿಹಾರವೂ ಸಿಗುವುದಿಲ್ಲ.

ಪಾರ್ಕ್ ಮಾರಾಟಕ್ಕಿದ್ದರೆ ನಿವಾಸಿಗಳೇ ಸಹಕಾರ ಸಂಘ ಮಾಡಿ ಕೊಳ್ಳುವ ದಾರಿಯೂ ಇದೆ. ನ್ಯೂ ಹ್ಯಾಂಪ್‌ಶೈರಿನ ಮೆರಡಿತ್‌ನಲ್ಲಿ 1984ರಲ್ಲಿ ಆದ ಮೊದಲ ಪ್ರಯೋಗದಿಂದ ಇದು ಬೆಳೆಯಿತು; 2008ರಿಂದ ಆರ್‌ಒಸಿ ಯುಎಸ್‌ಎ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ದೇಶದಾದ್ಯಂತ ಸಾಲ, ಸಲಹೆ ಕೊಡುತ್ತಿದೆ. ಬೇ ಏರಿಯಾದ ನೆಲದ ಬೆಲೆಗೆ ಇದು ಕಷ್ಟ, ಅಸಾಧ್ಯವಲ್ಲ.

ಮಾರುವುದೆಂದು ತೀರ್ಮಾನಿಸಿದರೆ ಕೆಲಸದ ಕ್ರಮ ಮುಖ್ಯ. ಮೊದಲು ಟೈಟಲ್, ಅಂದರೆ ಒಡೆತನದ ದಾಖಲೆ. ಈ ಮನೆಗಳ ಟೈಟಲ್ ಇರುವುದು ಎಚ್‌ಸಿಡಿಯಲ್ಲಿ, ಸಾಮಾನ್ಯ ಮನೆಯಂತೆ ಕೌಂಟಿಯಲ್ಲಲ್ಲ. ಹಳೆಯ ಮಾಲೀಕರ ಹೆಸರೋ ತೀರಿಸಿದ ಸಾಲದ ಬ್ಯಾಂಕಿನ ಹೆಸರೋ ಅದರಲ್ಲಿ ಉಳಿದಿದ್ದರೆ ತಿದ್ದಿಸಲು ವಾರಗಳು ಹಿಡಿಯುತ್ತವೆ. ಆಸ್ತಿ ತೆರಿಗೆ ಬಾಕಿ ಇಲ್ಲವೆಂದು ಕೌಂಟಿ ಖಜಾನೆಯಿಂದ ಪ್ರಮಾಣಪತ್ರ ಬೇಕು. ಮನೆಯ ಹೊರಗೋಡೆಯ ಮೇಲೆ, ಒಂದೊಂದು ಅರೆಗೂ ಒಂದರಂತೆ, ಕೆಂಪು ಲೋಹದ ಪಟ್ಟಿ ಇರಬೇಕು. 1976ರ ಜೂನ್ 15ರ ನಂತರದ ಮನೆಗಳು ಕೇಂದ್ರ ಸರ್ಕಾರದ ಮಾನದಂಡಕ್ಕೆ ಕಟ್ಟಿದವು ಎಂಬುದಕ್ಕೆ ಅದೇ ಸಾಕ್ಷಿ, ಕೊಳ್ಳುವವರ ಬ್ಯಾಂಕ್ ಅದರ ಸಂಖ್ಯೆ ಕೇಳುತ್ತದೆ. ಬಣ್ಣ ಬಳಿಯುವಾಗ ಅಥವಾ ಹೊದಿಕೆ ಬದಲಿಸುವಾಗ ಕಿತ್ತು ಹೋಗಿದ್ದರೆ ಈ ಪಟ್ಟಿಗಳ ದಾಖಲೆ ಇಡುವ ಐಬಿಟಿಎಸ್ ಸಂಸ್ಥೆಯಿಂದ ದೃಢೀಕರಣ ಪತ್ರ ತರಿಸಬಹುದು.

ಆಮೇಲೆ ಪಾರ್ಕ್ ಕಚೇರಿಗೆ ಬರಹದಲ್ಲಿ ಕೇಳಿ: ಮಾರಾಟಕ್ಕೆ ಮುಂಚೆ ಹೊರಭಾಗದಲ್ಲಿ ಯಾವ ದುರಸ್ತಿ ಬೇಕು? 10 ಕೆಲಸದ ದಿನಗಳಲ್ಲಿ ಅವರು ಪಟ್ಟಿ ಕೊಡಬೇಕು. ಗಿರಾಕಿ ಸಿಕ್ಕ ಮೇಲೆ ಕೇಳಿದರೆ ಪಟ್ಟಿ ಉದ್ದವಾಗುತ್ತದೆ, ಗಿರಾಕಿ ತಣ್ಣಗಾಗುತ್ತಾರೆ. ಬೋರ್ಡು ಹಾಕಲು ನಿಮಗೆ ಹಕ್ಕಿದೆ, ಅಳತೆ 24 ಇಂಚು ಅಗಲ, 36 ಇಂಚು ಎತ್ತರ ಮೀರಬಾರದು. ತಮ್ಮದೇ ದಲ್ಲಾಳಿಯ ಮೂಲಕ ಮಾರಬೇಕೆಂದು ಪಾರ್ಕಿನವರು ಒತ್ತಾಯಿಸುವಂತಿಲ್ಲ. ಕೊಳ್ಳುವವರನ್ನು ಒಪ್ಪುವ ಅಧಿಕಾರ ಮಾತ್ರ ಅವರಿಗಿದೆ. ಎಲ್ಲ ಕಾಗದ ಕೈಸೇರಿದ 15 ಕೆಲಸದ ದಿನಗಳೊಳಗೆ ಉತ್ತರಿಸಬೇಕು, ತಿರಸ್ಕರಿಸಬಹುದಾದದ್ದು ಮುಖ್ಯವಾಗಿ ಬಾಡಿಗೆ ಕಟ್ಟುವ ಶಕ್ತಿ ಇಲ್ಲವೆಂದೋ ಹಿಂದಿನ ಬಾಡಿಗೆ ಮನೆಗಳಲ್ಲಿ ನಿಯಮ ಮುರಿದಿದ್ದಾರೆಂದೋ. ಹೊಸಬರಿಗೆ ಬಾಡಿಗೆ ಎಷ್ಟು ಎಂಬುದನ್ನು ಜಾಹೀರಾತು ಕೊಡುವ ಮುಂಚೆಯೇ ಬರಹದಲ್ಲಿ ಪಡೆದುಕೊಳ್ಳಿ. 1,725 ಎಂದು ನಂಬಿ ಬಂದವರಿಗೆ ಕಚೇರಿ 2,100 ಎಂದರೆ ಮೇಲಿನ ಸೂತ್ರದಂತೆ 43,000 ಡಾಲರ್ ಅಲ್ಲೇ ಹಾರಿಹೋಗುತ್ತದೆ, ಮಾರಾಟ ಮುರಿಯುವುದು ಹೆಚ್ಚಾಗಿ ಈ ಘಟ್ಟದಲ್ಲೇ.

ಮಾರಾಟವಾಗುವ ಮುಂಚೆ ಖಾಲಿ ಮಾಡಿ ಅಪಾರ್ಟ್‌ಮೆಂಟಿಗೆ ಹೋಗಬೇಡಿ. ಮನೆ ಅಲ್ಲಿರುವಷ್ಟು ದಿನ ಜಾಗದ ಬಾಡಿಗೆ ಓಡುತ್ತಲೇ ಇರುತ್ತದೆ, ಎರಡು ಬಾಡಿಗೆಯ ಒತ್ತಡಕ್ಕೆ ಸಿಕ್ಕವರು ಪಾರ್ಕಿನವರೇ ಮುಂದಿಟ್ಟ ಕಡಿಮೆ ಬೆಲೆಗೆ ಸಹಿ ಹಾಕಿಬಿಡುತ್ತಾರೆ. ಕೀಲಿ ಕಚೇರಿಗೆ ಎಸೆದು ನಡೆಯುವುದಂತೂ ಬೇಡವೇ ಬೇಡ: ಟೈಟಲ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಸಾಲ, ತೆರಿಗೆ, ಬಾಡಿಗೆ ಬಾಕಿ ಎಲ್ಲ ಬೆನ್ನು ಹತ್ತುತ್ತವೆ. ಬಿಡಲು ನೀವೂ 60 ದಿನ ಮುಂಚೆ ನೋಟಿಸ್ ಕೊಡಬೇಕು. ಅದನ್ನು ಎಸ್ಕ್ರೋ ಶುರುವಾದ ಮೇಲೆ ಕೊಡಿ. ಮಾರಾಟದ ಲಾಭಕ್ಕೆ ತೆರಿಗೆಯ ಚಿಂತೆ ಬೇಡ. ಕಳೆದ 5 ವರ್ಷದಲ್ಲಿ 2 ವರ್ಷ ವಾಸವಿದ್ದ ಸ್ವಂತ ಮನೆಗೆ ದಂಪತಿಗೆ 5,00,000 ಡಾಲರ್ ಲಾಭದವರೆಗೆ ಇರುವ ಕೇಂದ್ರದ ವಿನಾಯಿತಿ ಈ ಮನೆಗಳಿಗೂ ಸಲ್ಲುತ್ತದೆ.

ಅಪಾರ್ಟ್‌ಮೆಂಟ್ ಕಡೆಯಲ್ಲಿ ಎರಡು ಮಾತು ಸಾಕು. 15 ವರ್ಷ ಮೀರಿದ ಬಹುತೇಕ ಕಟ್ಟಡಗಳಲ್ಲಿ ವರ್ಷದ ಏರಿಕೆಯ ಮಿತಿ ಶೇ 5 ಮತ್ತು ಹಣದುಬ್ಬರ ಕೂಡಿಸಿದಷ್ಟು, ಗರಿಷ್ಠ ಶೇ 10. ಹೊಸ ಕಟ್ಟಡಕ್ಕೆ ಆ ಮಿತಿ ಇಲ್ಲ, ಹೊಳಪು ನೋಡಿ ಮರುಳಾಗಬೇಡಿ. ಠೇವಣಿ 2024ರ ಜುಲೈನಿಂದ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಗಷ್ಟೇ ಸೀಮಿತ.

ಉಳಿಯುವುದಾದರೆ ಬಿಲ್ಲಿನಲ್ಲಿ ಹಿಡಿಯಬಹುದಾದ ದುಡ್ಡೂ ಇದೆ. ಚಳಿಗಾಲದ ಗ್ಯಾಸ್ ಬಿಲ್ಲು ಅತಿಯಾಗಿದ್ದರೆ ಮನೆಯ ಅಡಿಗೆ ಟಾರ್ಚ್ ಬಿಟ್ಟು ನೋಡಿಸಿ. ಎರಡು ಅರೆಗಳನ್ನು ಕೂಡಿಸುವ ಬಿಸಿಗಾಳಿಯ ಕೊಳವೆ ಜಾರಿ ಬಿದ್ದು, ನೀವು ನೆಲವನ್ನೇ ಬಿಸಿ ಮಾಡುತ್ತಿರುವುದು ಡಬಲ್‌ವೈಡ್‌ಗಳಲ್ಲಿ ತೀರಾ ಸಾಮಾನ್ಯ. ಪಾರ್ಕಿನ ಉಪಮೀಟರಿನಿಂದ ವಿದ್ಯುತ್ ಬರುತ್ತಿದ್ದರೂ, ಆದಾಯದ ಮಿತಿಯೊಳಗಿದ್ದವರಿಗೆ 'ಕೇರ್' ಎಂಬ ಬಿಲ್ಲಿನ ರಿಯಾಯಿತಿ ಸಿಗುತ್ತದೆ, ಅರ್ಜಿ ಹಾಕಬೇಕಷ್ಟೆ.

ಬೇರೆ ರಾಜ್ಯದ ಓದುಗರು ಮೇಲಿನ ಸೆಕ್ಷನ್ನುಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ವಾಷಿಂಗ್ಟನ್ ರಾಜ್ಯದಲ್ಲಿ 2025ರಿಂದ ಜಾಗದ ಬಾಡಿಗೆಗೆ ವರ್ಷಕ್ಕೆ ಶೇ 5ರ ಮಿತಿ ಬಂದಿದೆ. ನ್ಯೂಯಾರ್ಕಿನಲ್ಲಿ 2019ರಿಂದ ಸಾಮಾನ್ಯವಾಗಿ ಶೇ 3, ಸಮರ್ಥನೆ ಕೊಟ್ಟರೆ 6. ಫ್ಲಾರಿಡಾದಲ್ಲಿ ಅಂಕಿಯ ಮಿತಿ ಇಲ್ಲ, ಆದರೆ 90 ದಿನದ ನೋಟಿಸ್ ಮತ್ತು ನಿವಾಸಿಗಳ ಸಂಘದೊಂದಿಗೆ ಮಾತುಕತೆಗೆ ಅವಕಾಶವಿದೆ. ಅರಿಝೋನಾದ್ದು ವಿಶಿಷ್ಟ: ಏರಿಕೆ ಶೇ 10 ಮತ್ತು ಹಣದುಬ್ಬರ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾದರೆ, ಮನೆ ಸಾಗಿಸಲು ರಾಜ್ಯದ ನಿಧಿಯಿಂದ ನೆರವು ಕೇಳಬಹುದು.

ಕೊನೆಯದಾಗಿ ಎಚ್-1ಬಿ. ಕೆಲಸ ಹೋದರೆ ನಿಮಗಿರುವ ಕಾಲಾವಕಾಶ ಗರಿಷ್ಠ 60 ದಿನ. ಪಾರ್ಕಿಗೆ ಕೊಡಬೇಕಾದ ನೋಟಿಸ್ ಒಂದೇ 60 ದಿನ. ಗಿರಾಕಿ ಹುಡುಕಾಟ, 15 ಕೆಲಸದ ದಿನಗಳ ಒಪ್ಪಿಗೆ, ಟೈಟಲ್ ವರ್ಗಾವಣೆ ಬೇರೆ. ಹಾಗಾಗಿ ಉಳಿಯುವುದೇ ಲೆಕ್ಕಕ್ಕೆ ಸರಿ ಬಂದರೂ, ಟೈಟಲ್ ಪರಿಶೀಲನೆ, ಕೆಂಪು ಪಟ್ಟಿಯ ಸಂಖ್ಯೆ, ದುರಸ್ತಿಯ ಪಟ್ಟಿ, ಹೊಸಬರ ಬಾಡಿಗೆಯ ಲಿಖಿತ ಉತ್ತರ ಈ ನಾಲ್ಕನ್ನು ಈಗಲೇ ಮುಗಿಸಿಡಿ. ಇಬ್ಬರ ಹೆಸರೂ ಟೈಟಲ್‌ನಲ್ಲಿದ್ದರೆ ಸಹಿ ಹಾಕುವ ಅಧಿಕಾರದ ಪವರ್ ಆಫ್ ಅಟಾರ್ನಿಯನ್ನು ಇಲ್ಲೇ ಇರುವ ನಂಬಿಕಸ್ಥರೊಬ್ಬರಿಗೆ, ನೋಟರಿ ಮುಂದೆ, ಹೊರಡುವ ಮುಂಚೆ ಮಾಡಿಕೊಡಿ. ಮೈಸೂರಿನಿಂದ ಅದನ್ನು ಮಾಡಿಸಿ ಕಳಿಸುವುದರಲ್ಲಿ ಒಬ್ಬ ಒಳ್ಳೆಯ ಗಿರಾಕಿ ಕೈತಪ್ಪುವಷ್ಟು ಸಮಯ ಹೋಗುತ್ತದೆ.